ಚಾವಿ ನನ್ನ ಹತ್ತಿರ ಇತ್ತು

ಲಾರಿಯ ಚಾವಿ ಕಸಿದುಕೊಳ್ಳಬೇಕು ಎಂದು ಯಾವ ಕಾನೂನಿನ ಪುಸ್ತಕದಲ್ಲೂ ಬರೆದಿಲ್ಲ. ಆದರೆ ಅದಿರಿನ ಲಾರಿಗಳು ಬಾಲಕ್ಕೆ ಮೂತಿ ತಾಗಿಸಿಕೊಂಡು ಹೋಗುತ್ತಿದ್ದ ಆ ವರ್ಷಗಳಲ್ಲಿ ಸಂಡೂರು ಕಡೆ ಕೆಲಸ ಮಾಡಿದ ನಮ್ಮಂಥವರು ಅದನ್ನು ಮಾಡಿದ್ದೇವೆ. ದಂಡ ಹಾಕಿದರೆ ಡ್ರೈವರ್ ರಸೀದಿಯನ್ನು ಜೇಬಿಗಿಟ್ಟು ಮುಂದಿನ ತಿರುವಿನಲ್ಲೇ ಮತ್ತೆ ಸಾಲು ಮುರಿಯುತ್ತಿದ್ದ. ಬೈದರೆ ನಗುತ್ತಿದ್ದ. ಚಾವಿ ಕಿತ್ತುಕೊಂಡರೆ ಮಾತ್ರ ಬೆಕ್ಕಿನ ಹಾಗೆ ಹಿಂದೆ ಹಿಂದೆ ಬರುತ್ತಿದ್ದ.

ಆಗ ನಾನು ಎಎಸ್‌ಐ. ವಡ್ಡು ಎಂಬ ಊರು ಇನ್ನೂ ಸ್ವಲ್ಪ ದೂರ ಇರುವಾಗ ರಸ್ತೆ ಇಳಿಜಾರಾಗುತ್ತದೆ. ಆ ಇಳಿಜಾರಿನ ಬುಡದಲ್ಲಿ ನಮ್ಮದೊಂದು ತಗಡಿನ ಚೌಕಿ. ನನ್ನ ಜೊತೆ ಒಬ್ಬ ಪೇದೆ, ದಪ್ಪ ಆಳು, ನಡೆದರೆ ಏದುಸಿರು ಬಿಡುವವನು. ಸಾಲು ಮುರಿದ ಲಾರಿಯನ್ನು ರಸ್ತೆಯ ಎಡ ಅಂಚಿಗೆ ಹಾಕಿಸಿ, ಚಾವಿ ತೆಗೆದುಕೊಂಡು ಸಂಜೆಯವರೆಗೆ ನಿಲ್ಲಿಸುವುದು ನಮ್ಮ ಪದ್ಧತಿ. ಚಾವಿಗಳನ್ನೆಲ್ಲ ಒಂದೇ ತಂತಿಗೆ ಪೋಣಿಸಿ ಚೌಕಿಯ ಮೊಳೆಗೆ ನೇತುಹಾಕುತ್ತಿದ್ದೆವು. ಚೀಟಿ ಇಲ್ಲ, ನಂಬರ್ ಇಲ್ಲ. ಸಂಜೆ ಅವರವರೇ ಬಂದು ತಮ್ಮ ತಮ್ಮ ಚಾವಿ ಗುರುತಿಸಿಕೊಂಡು ಒಯ್ಯುತ್ತಿದ್ದರು. ಡ್ರೈವರ್‌ಗಳು ನನಗೆ 'ಚಾವಿ ಸಾಹೇಬ್ರು' ಎಂದು ಹೆಸರಿಟ್ಟಿದ್ದರು. ಅದು ನನ್ನ ಕಿವಿಗೂ ಬಿದ್ದಿತ್ತು. ಸುಳ್ಳೇಕೆ, ನನಗದು ಹಿಡಿಸಿತ್ತು.

ಬೇಸಿಗೆಯ ಒಂದು ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಒಂದು ಲಾರಿ ಸಾಲು ಬಿಟ್ಟು ಬಲಕ್ಕೆ ಬಂತು. ಎದುರಿಗೆ ಬಸ್ಸು ಬರುತ್ತಿತ್ತು. ಲಾರಿಯನ್ನು ಎಡ ಅಂಚಿಗೆ ಹಾಕಿಸಿ, ನಾನು ಫುಟ್‌ಬೋರ್ಡ್ ಹತ್ತಿ ಕಿಟಕಿಯೊಳಗೆ ಕೈ ಹಾಕಿ ಚಾವಿ ಎಳೆದುಕೊಂಡೆ. ಡ್ರೈವರ್ ನನ್ನ ವಯಸ್ಸಿನವರೇ, ಅರ್ಧ ನರೆತ ಮೀಸೆ. ಮಾತಿನಲ್ಲೇ ನಮ್ಮ ಕಂಪ್ಲಿ ಕಡೆಯವರೆಂದು ಗೊತ್ತಾಯಿತು. ನಾನೂ ಕಂಪ್ಲಿಯವನೇ. ಆ ಸಲುಗೆಯನ್ನು ಅವರು ಹಿಡಿದುಕೊಳ್ಳುವ ಮೊದಲೇ ಬಾಯಿಗೆ ಬಂದಂತೆ ಬೈದೆ. ಅವರು ಏನೋ ಹೇಳಲು ಬಂದರು. ನಾನು ಚೌಕಿಯ ಕಡೆ ತಿರುಗಿ ನಡೆದೆ. ಅವರ ಮುಂದಿದ್ದ ಲಾರಿ ಆಕ್ಸಲ್ ಮುರಿದು ನಿಂತಿದ್ದರಿಂದ ಅವರು ಅದನ್ನು ಬಳಸಿಕೊಂಡು ಬರುತ್ತಿದ್ದರು, ಸಾಲು ಮುರಿದಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಅರ್ಧ ಗಂಟೆ ಕಳೆದ ಮೇಲೆ. ಗೊತ್ತಾದ ಮೇಲಾದರೂ ಚಾವಿ ಕೊಟ್ಟೆನೆ? ಇಲ್ಲ. ಒಮ್ಮೆ ಕಸಿದ ಚಾವಿಯನ್ನು ಸಂಜೆಗೆ ಮೊದಲು ಕೊಟ್ಟರೆ ನಾಳೆ ಯಾರೂ ಹೆದರುವುದಿಲ್ಲ ಎಂಬ ಲೆಕ್ಕ ನನ್ನದು.

ಆ ಹೊತ್ತಿಗೆ ಎಡ ಅಂಚಿನಲ್ಲಿ ಹನ್ನೊಂದು ಲಾರಿ ನಿಂತಿದ್ದವು. ಎಲ್ಲಕ್ಕಿಂತ ಹಿಂದೆ, ಅಂದರೆ ಇಳಿಜಾರಿನ ಮೇಲ್ತುದಿಯಲ್ಲಿ, ಕಂಪ್ಲಿಯವರ ಲಾರಿ. ಅದರ ಮುಂದೆ ಒಂದು ಹಸಿರು ಲಾರಿ. ಹಸಿರು ಲಾರಿಯ ಮುಂದೆ ಇನ್ನೊಂದು ಲಾರಿ ಹಿಡಿಯುವಷ್ಟು ಜಾಗ ಖಾಲಿ ಇತ್ತು. ಅದರಾಚೆ ಉಳಿದ ಒಂಬತ್ತು. ಬಿಸಿಲು ಏರಿದ ಮೇಲೆ ಕೆಲವರು ಲಾರಿಯ ಕೆಳಗೆ ನೆರಳಿನಲ್ಲಿ ಗೋಣಿಚೀಲ ಹಾಸಿ ಮಲಗಿದರು. ಹಸಿರು ಲಾರಿಯವನು ಊಟಕ್ಕೆಂದು ಯಾರದೋ ಬೈಕ್ ಹತ್ತಿ ಹೋದ. ಕಂಪ್ಲಿಯವರು ಕ್ಯಾಬಿನ್ನಿನ ಸೀಟಿನಲ್ಲೇ ಕಾಲು ಚಾಚಿ ಮಲಗಿದರು.

ಒಂದು ಗಂಟೆಯಾಗಿರಬೇಕು. ಮೇಲಿನಿಂದ ಒಂದು ಲಾರಿ ಬಿಡದೆ ಹಾರ್ನ್ ಹೊಡೆಯುತ್ತ ಬಂತು. ಬ್ರೇಕ್ ಹೋಗಿದೆ ಎಂದು ಆ ಸದ್ದಿನಲ್ಲೇ ತಿಳಿಯಿತು. ಬಲಗಡೆ ಜನ ತುಂಬಿದ್ದ ಬಸ್ಸು. ಲಾರಿಯವನು ಬಸ್ಸನ್ನು ತಪ್ಪಿಸಿ ಎಡಕ್ಕೆಳೆದ. ಎಡಕ್ಕೆ ಇದ್ದದ್ದು ನಾನು ನಿಲ್ಲಿಸಿದ ಸಾಲು.

ಡಿಕ್ಕಿಯ ಸದ್ದಿಗೆ ಚೌಕಿಯ ತಗಡು ನಡುಗಿತು. ಕೆಂಪು ಧೂಳು ಕಣ್ಣಿಗೆ ಕವಿಯಿತು. ಧೂಳು ಇಳಿಯುವಷ್ಟರಲ್ಲಿ ಹತ್ತಾರು ಡ್ರೈವರ್‌ಗಳು ಮೇಲಿನಿಂದ ಬಂದ ಲಾರಿಯವನನ್ನು ಕೆಳಗೆಳೆದು ತದುಕುತ್ತಿದ್ದರು. ಆಂಧ್ರದ ರಾಯದುರ್ಗದ ಕಡೆಯ ಆಳು, ಹಣೆಯಿಂದ ರಕ್ತ ಸೋರುತ್ತಿತ್ತು. ನಾನು ಅವನ ಕೊರಳಪಟ್ಟಿ ಹಿಡಿದು ಜನರಿಂದ ಬಿಡಿಸಿದೆ. ಕಾಪಾಡಲೆಂದು ಹಿಡಿದೆನೋ ಬಂಧಿಸಲೆಂದು ಹಿಡಿದೆನೋ, ಆ ಕ್ಷಣ ನನಗೂ ತಿಳಿಯದು. ಆಗ ಪೇದೆ ಕೂಗಿದ:

"ಸರ, ಒಳಗ ಮನಷ್ಯಾ ಅದಾನ್ರಿ! ಕಂಪ್ಲಿಯವ್ರು!"

ಓಡಿ ನೋಡಿದೆ. ಅವರ ಲಾರಿ ಮುಂದಿನ ಹಸಿರು ಲಾರಿಯ ಹಿಂಬದಿಗೆ ಒತ್ತಿಕೊಂಡು, ಮೂತಿ ಒಳಕ್ಕೆ ಕುಸಿದಿತ್ತು. ಮುಂದಿನ ಗಾಜು ಒಡೆದಿತ್ತು, ಆದರೆ ಅಲ್ಲಿ ಒಂದು ಗೇಣು ಸಂದೂ ಇರಲಿಲ್ಲ. ಡ್ರೈವರ್ ಬದಿಯ ಬಾಗಿಲು ನಜ್ಜುಗುಜ್ಜಾಗಿತ್ತು. ಎಡ ಬಾಗಿಲಿನ ಚಿಲಕ ಗಣಿ ರಸ್ತೆಯ ಕುಲುಕಾಟಕ್ಕೆ ಎಂದೋ ಹೋಗಿದ್ದರಿಂದ ಅವರು ಅದನ್ನು ಒಳಗಿನಿಂದ ತಂತಿ ಸುತ್ತಿ ಬಿಗಿದಿದ್ದರು. ಆ ಬಾಗಿಲಿನ ಕಿಟಕಿಯೂ ಬಾಗಿ ಕಿರಿದಾಗಿತ್ತು, ತಲೆ ಮಾತ್ರ ತೂರಿಸಿದೆ. ಹಾರ್ನ್ ಸದ್ದಿಗೆ ಎದ್ದು ಕೂತಿದ್ದರೇನೋ, ಸ್ಟೀರಿಂಗ್ ಎದೆಗೆ ಒತ್ತಿಕೊಂಡಿತ್ತು. ಎಡಗಾಲು ಕ್ಲಚ್ಚಿನ ಹತ್ತಿರ ಮಡಚಿದ ತಗಡಿನೊಳಗೆ ಸಿಕ್ಕಿಬಿದ್ದಿತ್ತು.

"ಕಾಲ್ರೀ... ಕಾಲು ಬರವಲ್ದು..." ಎಂದರು.

ಅಷ್ಟರಲ್ಲಿ ಡೀಸೆಲ್ ವಾಸನೆ ಮೂಗಿಗೆ ಬಡಿಯಿತು. ಟ್ಯಾಂಕ್ ಒಡೆದಿತ್ತು. ಬ್ಯಾಟರಿಯ ಕಡೆ ಕಿಡಿ ಚಿಟಚಿಟ ಎಂದಿತು, ಭಗ್ ಎಂದು ಹತ್ತಿಕೊಂಡಿತು.

ಚೌಕಿಯಲ್ಲಿ ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ಒಂದಿತ್ತು. ಪೇದೆ ಅದನ್ನು ಹೊತ್ತು ತಂದು ಒತ್ತಿದ. ಒಂದು ನಿಟ್ಟುಸಿರಿನಷ್ಟು ಪುಡಿ ಬಂದು ನಿಂತಿತು. ವೈರ್‌ಲೆಸ್‌ನಲ್ಲಿ ಹೇಳಿದೆ. ಅಗ್ನಿಶಾಮಕ ಗಾಡಿ ಹೊಸಪೇಟೆಯಿಂದ ಹೊರಟರೂ ಮೈಲಿಗಟ್ಟಲೆ ಲಾರಿಗಳ ನಡುವೆ ನುಸುಳಿ ಬರಬೇಕು. ಅದು ಬರುವಷ್ಟರಲ್ಲಿ ಇಲ್ಲಿ ಏನೂ ಉಳಿಯುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಬೆಂಕಿ ಕ್ಯಾಬಿನ್ನಿನ ಹಿಂದೆ ಇತ್ತು. ಆದರೆ ಉರಿಯುವ ಡೀಸೆಲ್ ಇಳಿಜಾರು ಹಿಡಿದು ಕ್ಯಾಬಿನ್ನಿನ ಅಡಿಗೆ ಹರಿಯುತ್ತಿತ್ತು. ಅದನ್ನು ನೋಡಿದಾಗ ನನ್ನೊಳಗಿನ ಪೊಲೀಸ್ ಅಲ್ಲ, ಕಂಪ್ಲಿಯ ಗದ್ದೆಯಲ್ಲಿ ಅಪ್ಪನ ಜೊತೆ ಕಾಲುವೆ ನೀರು ಕಟ್ಟಿದವನು ಎಚ್ಚರವಾದ. ಹರಿಯುವುದನ್ನು ನಿಲ್ಲಿಸಲು ಹೋಗಬಾರದು, ತಿರುಗಿಸಬೇಕು. ಅದಿರು ಸಾಗಿಸುವ ಎಲ್ಲ ಲಾರಿಯಲ್ಲೂ ಸಲಿಕೆ ಇರುತ್ತದೆ. ಹಸಿರು ಲಾರಿಯಲ್ಲಿದ್ದದ್ದು ಪುಡಿ ಅದಿರು, ಧೂಳೇಳದಿರಲೆಂದು ಗಣಿಯಲ್ಲೇ ನೀರು ಹೊಡೆದದ್ದು. ಹಸಿ ಮಣ್ಣಿಗಿಂತ ಭಾರ, ಎಂಥ ಬೆಂಕಿಗೂ ಹತ್ತಿಕೊಳ್ಳುವುದಿಲ್ಲ.

"ನೀರ ತಿರುವಿದಂಗ ತಿರುವ್ರಲೇ! ಅಡ್ಡ ಬದು ಹಾಕ್ರಿ, ಚರಂಡಿ ಕಡಿ ಬಿಡ್ರಿ!" ಎಂದು ಕೂಗಿದೆ.

ನಾಲ್ಕು ಜನ ಹಸಿರು ಲಾರಿಯ ಮೇಲೆ ಹತ್ತಿ ಪುಡಿ ಕೆಳಗೆ ದೂಡಿದರು. ಉಳಿದವರು ಸಲಿಕೆಯಲ್ಲಿ ಎತ್ತಿ ಎತ್ತಿ ಹಾಕಿದರು. ಕ್ಯಾಬಿನ್ನಿಗೂ ಟ್ಯಾಂಕಿಗೂ ನಡುವೆ ಮೊಣಕಾಲೆತ್ತರದ ಬದು ಎದ್ದಿತು. ಉರಿ ಎಡಕ್ಕೆ ಹೊರಳಿ ಚರಂಡಿಗೆ ಇಳಿಯಿತು. ಎಲ್ಲರೂ ಒಮ್ಮೆ ಹೋ ಎಂದರು. ಆದರೆ ಹಿಂದಿನ ಟೈರು ಹತ್ತಿಕೊಂಡಿತ್ತು. ಬದು ಕಟ್ಟಿ ನಾವು ಗಳಿಸಿದ್ದು ಹೊತ್ತನ್ನು ಮಾತ್ರ, ಅದೂ ಸ್ವಲ್ಪವೇ.

ಇನ್ನು ಮಾಡಬೇಕಾದ ಕೆಲಸ ಒಂದೇ. ಹಸಿರು ಲಾರಿಯನ್ನು ನಾಲ್ಕಡಿ ಮುಂದಕ್ಕೆ ಸರಿಸಿದರೆ ಮುಂದಿನ ಗಾಜಿನ ಜಾಗದಿಂದ ಒಳಗೆ ಹೋಗಬಹುದು, ಒತ್ತಡವೂ ಇಳಿಯುತ್ತದೆ. ಯಾರೋ ಹಸಿರು ಲಾರಿಯ ಕ್ಯಾಬಿನ್ ಹತ್ತಿದವನು ಕೆಳಗೆ ಇಣುಕಿ ಕೇಳಿದ:

"ಚಾವಿ ಎಲ್ಲೈತ್ರಿ?"

ಆ ಪ್ರಶ್ನೆಗೆ ಗುಂಪಿನಲ್ಲಿದ್ದವರೆಲ್ಲ ತಿರುಗಿ ನೋಡಿದ್ದು ನನ್ನನ್ನು.

ಪೇದೆ ಓಡಿ ಹೋಗಿ ತಂತಿಯ ಗೊಂಚಲು ತಂದ. ಹನ್ನೊಂದು ಚಾವಿ. ಯಾವುದು ಯಾರದು? ಹಸಿರು ಲಾರಿಯವನು ಎಲ್ಲಿ ಉಣ್ಣುತ್ತಿದ್ದನೋ. ನಾನೇ ಮೇಲೆ ಹತ್ತಿ ಒಂದೊಂದಾಗಿ ತುರುಕಿದೆ. ಮೊದಲನೆಯದು ಹೋಗಲಿಲ್ಲ. ಎರಡನೆಯದು ಹೋಯಿತು, ತಿರುಗಲಿಲ್ಲ. ಮೂರನೆಯದೂ ಹಾಗೇ. ನಾಲ್ಕನೆಯದನ್ನು ಜೋರಾಗಿ ತಿರುವಿದೆ. ಅದು ತೂತಿನೊಳಗೇ ಮುರಿಯಿತು. ಹಿಂದಿನಿಂದ ಕಂಪ್ಲಿಯವರ ಕೂಗು ಕೇಳಿಸುತ್ತಿತ್ತು. ನನ್ನ ಜೀವಮಾನದಲ್ಲಿ ನನ್ನನ್ನು ನಾನು ಅಷ್ಟು ಹೇಸಿಕೊಂಡ ಗಳಿಗೆ ಇನ್ನೊಂದಿಲ್ಲ.

ಕೆಳಗಿನಿಂದ ಒಂದು ದನಿ ಬಂತು. ಪೇದೆ ರಟ್ಟೆ ಹಿಡಿದು ನಿಲ್ಲಿಸಿದ್ದ ರಾಯದುರ್ಗದವನು.

"ಚಾವಿ ಎಂದುಕು, ಯಾಕ ಸಾರ್? ಇಳುಕಲು ಐತಲ್ಲ. ಗೇರ್ ತೆಗೆದು ಬಿಟ್ರೆ ತಾನಾ ಹೋಗ್ತೈತಿ. ನಾನು ಕುಂದ್ರತೀನಿ."

"ಇವನ್ನ ಮತ್ತ ಸ್ಟೇರಿಂಗ್ ಮ್ಯಾಲೆ ಕುಂದ್ರಸ್ತೀರೇನ್ರಿ? ಒಬ್ಬನ್ನ ಸಾಯಾಕ ಹಚ್ಚಿದ್ದು ಸಾಲ್ದೇನು?" ಎಂದು ಒಬ್ಬ ಅರಚಿದ.

ಅವನ ಮಾತು ತಪ್ಪೆನ್ನುವಂತಿರಲಿಲ್ಲ. ಬೆಳಿಗ್ಗೆಯಿಂದ ನಿಂತ ಲಾರಿಯಲ್ಲಿ ಬ್ರೇಕಿನ ಗಾಳಿ ಇಳಿದಿರುತ್ತದೆ, ಗಾಳಿ ಇಲ್ಲದೆ ಬ್ರೇಕ್ ಇಲ್ಲ. ತುಂಬಿದ ಲಾರಿ ಒಮ್ಮೆ ಹೊರಟರೆ ಮುಂದಿನ ಒಂಬತ್ತು ಲಾರಿಗಳನ್ನು ಒಂದರ ಮೇಲೊಂದು ತಳ್ಳಿಕೊಂಡು ನಮ್ಮ ಚೌಕಿಯವರೆಗೂ ಹೋದೀತು. ನಾನು ರಾಯದುರ್ಗದವನ ಮುಖ ನೋಡಿದೆ. ಬಸ್ಸನ್ನು ಉಳಿಸಲು ಅವನು ಲಾರಿ ಎಳೆದ ರೀತಿ ನೆನಪಾಯಿತು. ಹೆದರಿದ ಮನುಷ್ಯ ಹಾಗೆ ಎಳೆಯುವುದಿಲ್ಲ.

"ಬಿಡೋ ಅವನ್ನ. ಹತ್ತು ಮ್ಯಾಲೆ," ಎಂದೆ.

ಲಾರಿಗಳ ಕೆಳಗೆ ಮಲಗಿದ್ದವರನ್ನೆಲ್ಲ ಎಬ್ಬಿಸಿ ಓಡಿಸಿದೆವು. ಹಸಿರು ಲಾರಿಯ ಮುಂದೆ ನಾಲ್ಕಡಿ ಅಳೆದು ದೊಡ್ಡ ಕಲ್ಲುಗಳನ್ನು ಅಡ್ಡ ಇಟ್ಟೆವು. ಅವನು ಗೇರ್ ತೆಗೆದು ಹ್ಯಾಂಡ್‌ಬ್ರೇಕ್ ಸಡಿಲಿಸಿದ. ನಿಲ್ಲಿಸಿದಾಗ ಗಾಲಿಗೆ ಕೊಟ್ಟಿದ್ದ ಕಲ್ಲನ್ನು ಪೇದೆ ಹಾರೆಯಲ್ಲಿ ಮೀಟಿ ಕಿತ್ತ. ಲಾರಿ ಅಲುಗಿತು, ಒಂದಡಿ ಸರಿಯಿತು. ಅದರ ಬೆನ್ನಿಗೇ ಕಂಪ್ಲಿಯವರ ಲಾರಿಯೂ ಸರಿಯಿತು! ಒಳಗಿನಿಂದ ಬಂದ ಚೀತ್ಕಾರ ಈಗಲೂ ನನ್ನ ಕಿವಿಯಲ್ಲಿದೆ. ಹಿಂದಿನ ಲಾರಿಗೆ ಅಡ್ಡ ಕಲ್ಲು ಇಡದೆ ಮುಂದಿನದನ್ನು ಬಿಟ್ಟಿದ್ದೆವು. ಬುದ್ಧಿ ಎಲ್ಲಿಗೆ ಹೋಗಿತ್ತೋ.

"ನಿಲ್ಸಲೇ! ನಿಲ್ಸು!"

ಪೇದೆ ಹಾರೆಯನ್ನೇ ಹಸಿರು ಲಾರಿಯ ಗಾಲಿಗೆ ಅಡ್ಡ ಕೊಟ್ಟ. ಏದುಸಿರು ಬಿಡುವ ಆ ದಪ್ಪ ಆಳು ಮಣ್ಣಿನಲ್ಲಿ ಕೂತು, ಕಾಲು ಒದೆಗೊಟ್ಟು, ಎರಡೂ ಕೈಯಲ್ಲಿ ಹಾರೆ ಹಿಡಿದಿದ್ದ. ರಸ್ತೆ ಬದಿಯಲ್ಲಿ ಬಿದ್ದ ಅದಿರಿನ ಗಟ್ಟಿಕಲ್ಲುಗಳನ್ನು ಇಬ್ಬಿಬ್ಬರು ಎತ್ತಿ ತಂದರು. ಕಂಪ್ಲಿಯವರ ಲಾರಿಯ ಮುಂಗಾಲಿಗೆ ಅವನ್ನು ಇಡಬೇಕಾದರೆ ಬದುವಿನ ಈಚೆ, ಬೆಂಕಿಯ ಝಳಕ್ಕೆ ಮುಖವೊಡ್ಡಿ ಕೂರಬೇಕು. ನಾನು ಕೂತೆ. ಎಡಕ್ಕೆರಡು, ಬಲಕ್ಕೆರಡು ಒತ್ತಿ ಇಟ್ಟು, ಬೂಟಿನ ಹಿಮ್ಮಡಿಯಲ್ಲಿ ಒದ್ದು ಬಿಗಿ ಮಾಡಿದೆ. ಹುಬ್ಬಿನ ಕೂದಲು ಸುಟ್ಟ ನಾತ ನನಗೇ ಬಂತು.

"ಈಗ ಬಿಡು!"

ಹಸಿರು ಲಾರಿ ಕಿರುಗುಟ್ಟುತ್ತ ಬಿಡಿಸಿಕೊಂಡಿತು. ಒಂದಡಿ, ಎರಡಡಿ, ಮೂರಡಿ. ಕಲ್ಲಿಗೆ ಬಡಿದು, ಒಂದು ಕಲ್ಲನ್ನು ಪುಡಿ ಮಾಡಿ, ಎರಡನೆಯದಕ್ಕೆ ನಿಂತಿತು. ನಡುವೆ ಮನುಷ್ಯ ನಿಲ್ಲುವಷ್ಟು ಜಾಗ ಸಿಕ್ಕಿತು.

ಕುಡಿಯುವ ನೀರಿನ ಡ್ರಮ್ಮಿನಲ್ಲಿ ಗೋಣಿಚೀಲ ಅದ್ದಿ ಹೆಗಲಿಗೆ ಹಾಕಿಕೊಂಡೆ. ಹಾರೆ ಹಿಡಿದು ಒಡೆದ ಗಾಜಿನ ಜಾಗದಿಂದ ಒಳಗೆ ನುಸುಳಿದೆ. ಒಳಗೆ ಹೊಗೆ ತುಂಬಿ ಏನೂ ಕಾಣುತ್ತಿರಲಿಲ್ಲ. ಕೈಯಿಂದ ತಡಕಿ ಅವರ ಮೊಣಕಾಲು ಹುಡುಕಿದೆ, ಅಲ್ಲಿಂದ ಕೆಳಗಿಳಿದು ತಗಡು ಹುಡುಕಿದೆ. ತಗಡು ಕಾದಿತ್ತು. ಹಾರೆಯ ತುದಿ ಒಳಗೆ ಸೇರಿಸಿ ಮೀಟಿದೆ, ಜಾರಿತು. ಮತ್ತೆ ಸೇರಿಸಿದೆ, ಮತ್ತೆ ಜಾರಿತು. ಹಿಂದಿನ ಟೈರು ಢಂ ಎಂದು ಒಡೆಯಿತು. ಸೀಟಿನ ಹಿಂಭಾಗಕ್ಕೆ ಉರಿ ಇಣುಕಿತು.

ಅವರು ನನ್ನ ಕೈ ಹಿಡಿದರು. ಕೆಮ್ಮುತ್ತ ಹೇಳಿದರು:

"ಹೋಗ್ರಿ ಸಾಹೇಬ್ರ. ಸಾಕು. ನಿಮಗೂ ಮನಿ ಮಂದಿ ಅದಾರ. ಹೋಗ್ರಿ."

"ಬಾಯಿ ಮುಚ್ಚಿ ಕಾಲು ಜಗ್ಗ್ರಿ!" ಎಂದೆ. ಅಂಥ ಹೊತ್ತಿನಲ್ಲೂ ನನ್ನ ನಾಲಿಗೆಗೆ ಬಂದದ್ದು ಬೈಗುಳವೇ.

ಮೂರನೆಯ ಸಲ ಹಾರೆಯನ್ನು ಪೆಡಲಿನ ಬುಡಕ್ಕೆ ಆನಿಸಿ, ಅದರ ಮೇಲೆ ನನ್ನ ಮೈಭಾರವನ್ನೆಲ್ಲ ಹಾಕಿದೆ. ತಗಡು ಬಾಯಿ ಬಿಟ್ಟಿತು. ಕಾಲು ಕಳಚಿತು. ಅವರು ಕೂಗಲಿಲ್ಲ, ಎಚ್ಚರ ತಪ್ಪಿದ್ದರು. ಗೋಣಿಚೀಲ ಅವರ ಮುಖಕ್ಕೆ ಸುತ್ತಿ ಕಂಕುಳಿಗೆ ಕೈ ಕೊಟ್ಟು ಗಾಜಿನ ಕಡೆ ತಳ್ಳಿದೆ. ಹೊರಗಿನಿಂದ ಎಷ್ಟೋ ಕೈಗಳು ಎಳೆದುಕೊಂಡವು. ಎಲ್ಲಕ್ಕಿಂತ ಮುಂದೆ ಇದ್ದದ್ದು ರಾಯದುರ್ಗದವನ ಕೈ. ಆಮೇಲೆ ಅದೇ ಕೈ ನನ್ನ ಬೆಲ್ಟು ಹಿಡಿದು ನನ್ನನ್ನೂ ಹೊರಗೆಳೆಯಿತು. ನಾವು ಇಪ್ಪತ್ತು ಹೆಜ್ಜೆ ಹೋಗಿರಬೇಕು, ಕ್ಯಾಬಿನ್ ಪೂರ್ತಿ ಹತ್ತಿಕೊಂಡಿತು.

ಅವರನ್ನೂ ನನ್ನನ್ನೂ ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದರು. ನನ್ನ ಎರಡೂ ಅಂಗೈ ಸುಟ್ಟಿದ್ದವು. ಅವರ ಎಡ ಪಾದವನ್ನು ಉಳಿಸಲಾಗಲಿಲ್ಲ. ನಮ್ಮ ಮಂಚಗಳ ನಡುವೆ ನಾಲ್ಕು ಹೆಜ್ಜೆ ಅಂತರ. ಎರಡು ದಿನ ನಾನು ಆ ಕಡೆ ತಿರುಗಿ ಮಲಗಲಿಲ್ಲ. ನೋಡಲು ಬಂದವರೆಲ್ಲ ನನ್ನನ್ನು ಹೊಗಳಿ ಹೋಗುತ್ತಿದ್ದರು. ಅವರ ಹೆಂಡತಿ ನನಗೂ ಗಂಜಿ ತಂದುಕೊಟ್ಟು, ಕೈ ಕಟ್ಟಿಸಿಕೊಂಡ ನನಗೆ ತಾವೇ ಕುಡಿಸಿದರು. ನಾನು ಅವರ ಮುಖ ನೋಡದೆ ಕುಡಿದೆ.

ಮೂರನೆಯ ದಿನ ನಮ್ಮ ಸಬ್‌ಇನ್‌ಸ್ಪೆಕ್ಟರ್ ಹೇಳಿಕೆ ಬರೆದುಕೊಳ್ಳಲು ಬಂದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಒಳ್ಳೆಯ ಮನುಷ್ಯ. ನನ್ನ ಹೆಸರನ್ನು ಶೌರ್ಯದ ಪದಕಕ್ಕೆ ಕಳಿಸುವ ಮಾತು ಮೇಲೆ ನಡೆದಿದೆ ಎಂದು ಮೊದಲೇ ಕಿವಿಯಲ್ಲಿ ಹೇಳಿದರು. ಆಮೇಲೆ ಕಂಪ್ಲಿಯವರ ಮಂಚದ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತು ಕೇಳುತ್ತ ಹೋದರು. ಯಾವಾಗ ನಿಲ್ಲಿಸಿದ್ರಿ, ಎಲ್ಲಿ ಮಲಗಿದ್ರಿ. ಕೊನೆಗೆ ಆ ಪ್ರಶ್ನೆ ಬಂತು.

"ಗಾಡಿ ಚಾವಿ ಎಲ್ಲಿತ್ತು?"

ಕಂಪ್ಲಿಯವರು ನನ್ನ ಕಡೆ ಒಮ್ಮೆ ನೋಡಿದರು.

"ನನ್ನ ಹತ್ರಾನ ಇತ್ರಿ. ನಿದ್ದಿ ಬಂತು, ಬದಿಗೆ ಹಾಕಿ ಮಲಗಿದ್ದೆ."

ನಾನು ಎದ್ದು ಕೂತೆ. "ಸುಳ್ಳು ಹೇಳಾಕತ್ತಾರ್ರಿ. ಚಾವಿ ನನ್ನ ಹತ್ರ ಇತ್ತು."

"ನೀವು ಸುಮ್ನಿರ್ರಿ. ಅವ್ರ ಹೇಳಿಕಿ ಅವ್ರದು," ಎಂದರು ಸಬ್‌ಇನ್‌ಸ್ಪೆಕ್ಟರ್, ಮೆಲ್ಲಗೆ. ಬಾಗಿಲು ತೆರೆದಿಟ್ಟು ನನ್ನನ್ನು ಹೊರಗೆ ಬಿಡುವ ದನಿ ಅದು. ಒಂದು ಗಳಿಗೆ ಹೊರಗೆ ಹೋಗಿಬಿಡಬೇಕು ಅನ್ನಿಸಿದ್ದು ನಿಜ.

"ಚಾವಿ ಅವ್ರ ಹತ್ರ ಇದ್ದಿದ್ರ ಅವ್ರು ಆ ಹೊತ್ತಿಗೆ ಕುರೆಕುಪ್ಪ ದಾಟಿರ್ತಿದ್ರು ಸರ. ತಪ್ಪು ಮಾಡದವ್ರ ಚಾವಿ ಕಸ್ಕೊಂಡೀನಿ. ತಪ್ಪಿಲ್ಲಂತ ಗೊತ್ತಾದ ಮ್ಯಾಲೂ ಕೊಟ್ಟಿಲ್ಲ. ಬರ್ಕೊಳ್ರಿ. ನನ್ನ ಹೇಳಿಕಿಯೊಳಗೂ ಇದ ಇರ್ತೈತಿ. ರಾಯದುರ್ಗದಾಂವ ಲಾರಿ ಇಳಿಸಿದ್ದೂ ಇರ್ತೈತಿ."

"ಪದಕ ಹೋಗ್ಲಿ, ಮೆಮೊ ಬರ್ತೈತಿ ನಿಮಗ," ಎಂದರು.

"ಬರ್ಲಿ."

ಕಂಪ್ಲಿಯವರ ಹೆಂಡತಿ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಅವರಿಗೆ ಇದು ಗೊತ್ತಿರಲಿಲ್ಲ. ಅವರು ನನ್ನನ್ನೇ ನೋಡುತ್ತ ನಿಂತರು. ನಾನು ತಲೆ ತಗ್ಗಿಸಿದೆ. ಸಬ್‌ಇನ್‌ಸ್ಪೆಕ್ಟರ್ ಹಳೆಯ ಸಾಲು ಹೊಡೆದುಹಾಕಿ ಹೊಸದನ್ನು ಬರೆದರು. ಓದಿ ಹೇಳಿದರು. ಸಹಿಗೆಂದು ಪೆನ್ನು ಚಾಚಿದರು. ಕಂಪ್ಲಿಯವರು ಪೆನ್ನು ತೆಗೆದುಕೊಳ್ಳಲಿಲ್ಲ.

"ಇನ್ನೊಂದು ಮಾತೈತ್ರಿ. ಅದನ್ನೂ ಬರ್ಕೊಳ್ರಿ."

"ಹೇಳ್ರಿ."

"ಬೆಂಕಿ ಒಳಗ ಬಂದಾಗ ನಾನ ಹೋಗ್ರಿ ಅಂದೆ. ಎರಡು ಸಲ ಅಂದೆ. ಇವ್ರು ಹೋಗ್ಲಿಲ್ಲ."

"ಅದು ಬ್ಯಾಡ್ರಿ," ಎಂದೆ ನಾನು.

ಅವರು ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಕ್ಷಮೆ ಇತ್ತು ಎಂದು ಹೇಳಲಾರೆ. ಸಿಟ್ಟು ಇತ್ತು, ನೋವೂ ಇತ್ತು.

"ಕಾಲು ಹೋದದ್ದು ನಿಮ್ಮಿಂದ. ಅದನ್ನ ನೀವ ಬರಸಿದ್ರಿ, ನಾ ಮುಚ್ಚಾಕ ನೋಡ್ದೆ, ನೀವು ಬಿಡಲಿಲ್ಲ. ಉಸುರು ಉಳದದ್ದೂ ನಿಮ್ಮಿಂದ. ಅದನ್ನ ನಾ ಬರಸ್ತೀನಿ. ಬ್ಯಾಡ ಅನ್ನಾಕ ನೀವ್ಯಾರು?"

ಸಬ್‌ಇನ್‌ಸ್ಪೆಕ್ಟರ್ ಪೆನ್ನಿನ ತುದಿಯನ್ನು ಹಾಳೆಗೆ ತಾಗಿಸಿ ನನ್ನನ್ನು ಕೇಳಿದರು:

"ಖರೇ ಏನ್ರಿ? ಹೋಗ್ರಿ ಅಂದ್ರೂ ಹೋಗ್ಲಿಲ್ಲೇನು?"

ನಾನು ಬಟ್ಟೆ ಸುತ್ತಿದ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಹೌದೆಂದು ತಲೆಯಾಡಿಸಿದೆ. ಅವರು ಬರೆದುಕೊಂಡರು.